ಮುರಿಗೆಪ್ಪ ಇಟ್ಟ ಸೆಟ್ಟಿಂಗು

ಚೆನ್ನೈಯ ರಿಚ್ಚಿ ಸ್ಟ್ರೀಟಿಗೆ ಹೋಗಿ ಮುರಿಗೆಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ನಿಮ್ಮ ಮುಖ ನೋಡುತ್ತಾರೆ. ಎಸ್‌ಎಂಪಿಎಸ್ ಅಣ್ಣ ಎಲ್ಲಿ ಎಂದು ಕೇಳಿ, ಟೀ ಅಂಗಡಿಯವನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಬಂದು ಎರಡನೇ ಮಹಡಿಯ ಮೆಟ್ಟಿಲು ತೋರಿಸಿ ಹೋಗುತ್ತಾನೆ. ಈ ಹೆಸರು ಸುಮ್ಮನೆ ಬಂದಿದ್ದಲ್ಲ. ಆಟದ ಕಂಪ್ಯೂಟರ್ ಕಟ್ಟಿಸಲು ಬರುವವರೆಲ್ಲ ಮೊದಲು ಗ್ರಾಫಿಕ್ಸ್ ಕಾರ್ಡಿನ ಹೆಸರು ಹೇಳುತ್ತಾರೆ, ಆಮೇಲೆ ಬಣ್ಣದ ದೀಪ ಎಷ್ಟು ಬರುತ್ತವೆ ಎಂದು ಕೇಳುತ್ತಾರೆ. ಮುರಿಗೆಪ್ಪ ಅದನ್ನು ಕಿವಿಗೇ ಹಾಕಿಕೊಳ್ಳದೆ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ, ಎಲ್ಲಕ್ಕಿಂತ ಮೇಲೆ ಎಸ್‌ಎಂಪಿಎಸ್ ಎಂದು ಬರೆದು ಗೆರೆ ಎಳೆಯುತ್ತಾನೆ. ಗೋಡೆಯ ಕರೆಂಟನ್ನು ಯಂತ್ರ ತಾಳುವಷ್ಟಕ್ಕೆ ಇಳಿಸಿ ಕೊಡುವ ಡಬ್ಬಿ ಅದು. ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದ ದುಡ್ಡು ಸಾಲದಾಗ ಎಲ್ಲರೂ ಕತ್ತರಿ ಹಾಕುವುದು ಅದಕ್ಕೇ. ಮುರಿಗೆಪ್ಪನ ಹತ್ತಿರ ಆ ಜಾಣತನ ನಡೆಯುವುದಿಲ್ಲ. ಒಪ್ಪದವರಿಗೆ ಮೆಟ್ಟಿಲು ತೋರಿಸುತ್ತಾನೆ.

ಊರು ಗುಳೇದಗುಡ್ಡ. ಇಪ್ಪತ್ತರ ಹರೆಯದಲ್ಲಿ ಸೋದರಮಾವನ ಹಿಂದೆ ಖಣದ ಗಂಟು ಹೊತ್ತು ಮದರಾಸಿಗೆ ಬಂದವನು, ಬಟ್ಟೆ ವ್ಯಾಪಾರ ಕೈಹತ್ತದೆ ರೇಡಿಯೋ ರಿಪೇರಿ ಕಲಿತ, ರೇಡಿಯೋ ಹೋಗಿ ಟಿವಿ ಬಂತು, ಟಿವಿ ಬಿಟ್ಟು ಕಂಪ್ಯೂಟರಿಗೆ ಬಂದ. ಈಗ ಐವತ್ತೈದು ದಾಟಿದೆ. ಹಣೆಯ ಮೇಲೆ ವಿಭೂತಿ, ಅಂಗಿಯ ಒಳಗೆ ಲಿಂಗ, ಬಾಯಲ್ಲಿ ಗಿರಾಕಿಗಳಿಗೆ ತಮಿಳು, ಸಿಟ್ಟು ಬಂದಾಗ ಗುಳೇದಗುಡ್ಡದ ಕನ್ನಡ. ಸಿಟ್ಟು ಆಗಾಗ ಬರುತ್ತದೆ. ಆದರೆ ರಿಪೇರಿ ಮಾಡಿದ ಮಾಲನ್ನು ಹೊಸದೆಂದು ಹೇಳಿ ಮಾರಿದವನಲ್ಲ. ಮೂವತ್ತು ವರ್ಷದಲ್ಲಿ ಗಿರಾಕಿಗೆ ಒಂದು ಸುಳ್ಳು ಹೇಳಿಲ್ಲ ಎಂದು ಎದುರಂಗಡಿಯವರೇ ಹೇಳುತ್ತಾರೆ, ಅದೂ ಸ್ವಲ್ಪ ಹೊಟ್ಟೆಕಿಚ್ಚಿನಿಂದ.

ಅವನಿಗೆ ಇನ್ನೊಂದು ಚಾಳಿ ಇತ್ತು, ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮೊದಲು ನೆಟ್ ಸೆಂಟರುಗಳಿಗೆ ಒಮ್ಮೆಗೇ ಹತ್ತು ಹನ್ನೆರಡು ಕಂಪ್ಯೂಟರ್ ಕಟ್ಟಿಕೊಡುತ್ತಿದ್ದ. ಕರೆಂಟ್ ಹೋಗಿ ಬಂದಾಗಲೆಲ್ಲ ಒಂದೊಂದರ ಗುಂಡಿ ಒತ್ತುತ್ತ ಹೋಗುವುದು ಯಾರಿಗೆ ಬೇಕು? ಹಾಗಾಗಿ ಕರೆಂಟ್ ಬಂದೊಡನೆ ಯಂತ್ರ ತಾನಾಗಿ ಏಳುವಂತೆ ಒಂದು ಸೆಟ್ಟಿಂಗ್ ಹಾಕಿ ಕೊಡುತ್ತಿದ್ದ. ನೆಟ್ ಸೆಂಟರುಗಳು ಮುಚ್ಚಿ ಎಷ್ಟೋ ಕಾಲವಾಯಿತು. ಆದರೂ ಕೈಗೆ ಬಿದ್ದ ರೂಢಿ ಬಿಡಲಿಲ್ಲ. ಕಟ್ಟಿದ ಪ್ರತಿ ಯಂತ್ರಕ್ಕೂ, ಯಾರನ್ನೂ ಕೇಳದೆ, ಕೊನೆಯಲ್ಲಿ ಅದೊಂದನ್ನು ಆನ್ ಮಾಡಿ ಮುಚ್ಚಳ ಬಿಗಿಯುತ್ತಿದ್ದ.

ಈ ವರ್ಷ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಶಿಲ್ಪಶ್ರೀ ಮೆಟ್ಟಿಲು ಹತ್ತಿ ಬಂದಳು. ಇಪ್ಪತ್ತಮೂರರ ಹುಡುಗಿ, ಒಂದು ಕ್ಲಿನಿಕ್ಕಿನಲ್ಲಿ ಬಿಲ್ ಹಾಕುವ ಕೆಲಸ. ಹೆಗಲಚೀಲದಿಂದ ನಾಲ್ಕಾಗಿ ಮಡಿಚಿದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಅಂಕಲ್, ಗೇಮ್ ಆಡೋಕೆ ಒಂದು ಮಷೀನ್ ಬೇಕು. ಬಜೆಟ್ ನಲವತ್ತು ಸಾವಿರ ದಾನ್. ಅದಕ್ಕೆ ಮೇಲೆ ನನ್ನಿಂದ ಆಗೋಲ್ಲ." ಚೆನ್ನೈಯಲ್ಲೇ ಬೆಳೆದವಳ ಕನ್ನಡದ ನಡುವೆ ತಮಿಳು ಇಣುಕುತ್ತಿತ್ತು.

ಚೀಟಿಯಲ್ಲಿ ಮೊದಲ ಸಾಲಿನಲ್ಲೇ ಎಸ್‌ಎಂಪಿಎಸ್ ಎಂದಿತ್ತು, ಅಡಿಯಲ್ಲಿ ಗೆರೆ. ಮುರಿಗೆಪ್ಪ ಕನ್ನಡಕ ಏರಿಸಿ ಅವಳನ್ನು ನೋಡಿದ. "ಯಾರವ್ವಾ ನಿನಗ ಇದನ್ನ ಹೇಳಿಕೊಟ್ಟವರು? ಜಾಣ ಇದ್ದಾರ."

"ನೀವೇ ಅಂಕಲ್. ನಮ್ಮಣ್ಣಗೆ ಹೇಳಿದ್ರಿ, ಅವನು ನನಗೆ ಹೇಳಿದ."

ಹಾಳೆ ತಿರುವಿ ಹಾಕಿ ಇಬ್ಬರೂ ಕುಳಿತರು. ಪ್ರೊಸೆಸರ್ ಹೊಸದು ಬೇಡ, ಹಿಂದಿನ ಸಾಲಿನದು ಸಾಕು, ಆಟಕ್ಕೆ ಅದೇನೂ ಕಮ್ಮಿಯಲ್ಲ ಎಂದ ಮುರಿಗೆಪ್ಪ. ಬೋರ್ಡು ಸಾದಾ. ಪೆಟ್ಟಿಗೆ ಗಾಳಿ ಆಡುವಂಥದ್ದಿರಲಿ, ಗಾಜು ಬೇಡ. ರ್ಯಾಮ್ ಎಂದು ಬರೆದು ನಿಟ್ಟುಸಿರು ಬಿಟ್ಟ. ಹೋದ ವರ್ಷ ಮೂರು ಸಾವಿರಕ್ಕೆ ಕೊಟ್ಟದ್ದು ಈಗ ಹತ್ತು ಸಾವಿರ. "ಇದರ ಮನಿ ಹಾಳಾಗ, ಬಂಗಾರದ ಅಂಗಡಿ ಇಟ್ಟಿದ್ರ ಚೊಲೋ ಇತ್ತು" ಎಂದು ಗೊಣಗಿದ. ಎಲ್ಲ ಕೂಡಿಸಿದಾಗ ಮೂವತ್ತೊಂಬತ್ತು ಸಾವಿರ ಚಿಲ್ಲರೆ ಆಯಿತು. ಗ್ರಾಫಿಕ್ಸ್ ಕಾರ್ಡು ಇನ್ನೂ ಬರೆದೇ ಇರಲಿಲ್ಲ.

"ಕಾರ್ಡ್ ಇಲ್ಲದ ಇದು ಟೈಪ್ ಹೊಡಿಯೋ ಮಷೀನವ್ವಾ, ಆಟದ್ದಲ್ಲ. ಕಾರ್ಡಿಗೇ ಇನ್ನ ಇಪ್ಪತ್ತೈದು ಬೇಕು."

"ಕಾರ್ಡ್ ಇದೆ ಅಂಕಲ್. ಮನೇಲಿದೆ." ಹುಡುಗಿ ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಿಚತೊಡಗಿದಳು. "ಅಣ್ಣನ ಮಷೀನಲ್ಲಿದೆ. ಅಮ್ಮ ಅದನ್ನ ಮುಟ್ಟೋಕೆ ಬಿಡಲ್ಲ. ನೀವು ಬಂದು ಹೇಳಿದ್ರೆ ಬಿಡ್ತಾಳೇನೋ."

"ನಿಮ್ಮಣ್ಣ ಏನಂತಾನ?"

"ಅಣ್ಣ ಈಗ ಇಲ್ಲ ಅಂಕಲ್. ಅವನ ಹೆಸರು ಶಿವರಂಜನ್. ತಿರುವೊಟ್ಟಿಯೂರು. ಹದಿನಾಲ್ಕು ತಿಂಗಳಾಯ್ತು, ಎಣ್ಣೂರು ರೋಡಲ್ಲಿ ಕಂಟೇನರ್ ಲಾರಿ ಹೊಡೀತು."

ಮುರಿಗೆಪ್ಪನ ಪೆನ್ನು ನಿಂತಿತು. ನಾಲ್ಕು ವರ್ಷದ ಹಿಂದೆ ಏಳು ಸಂಜೆ ಇದೇ ಸ್ಟೂಲಿನ ಮೇಲೆ ಕುಳಿತು, ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು ನೋಡಿ, ನೂರು ರೂಪಾಯಿಗೆ ಗುದ್ದಾಡಿ, ಕೊನೆಗೆ ಅವ್ವ ಕೊಟ್ಟಳೆಂದು ಒಂದು ಕಟ್ಟು ಜೋಳದ ರೊಟ್ಟಿ ತಂದುಕೊಟ್ಟಿದ್ದ ಹುಡುಗ. ಆ ರೊಟ್ಟಿಯ ರುಚಿ ನೆನಪಾಯಿತು, ಮುಖ ತಡವಾಗಿ ನೆನಪಾಯಿತು. ಅಯ್ಯೋ ನನ್ನ ಶಿವನೇ ಎಂದ.

"ಇನ್ನೊಂದು ಇದೆ ಅಂಕಲ್" ಎಂದಳು ಶಿಲ್ಪಶ್ರೀ. ಧ್ವನಿ ಇಳಿದಿತ್ತು. "ಅದು ತಾನಾಗಿ ಆನ್ ಆಗತ್ತೆ. ಅಣ್ಣ ಹೋಗಿ ನಾಲ್ಕನೇ ದಿನ ನಾನು ಬಸ್ಸಲ್ಲಿದ್ದೆ, ಫೋನ್‌ಗೆ ಗೇಮ್ ಆ್ಯಪಿಂದ ಮೆಸೇಜ್ ಬಂತು. ಶಿವರಂಜನ್ ಆನ್‌ಲೈನ್ ಇದ್ದಾರೆ ಅಂತ. ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ. ನಾನು ಅಲ್ಲೇ ಇಳಿದುಬಿಟ್ಟೆ. ಅಮ್ಮ ಹೇಳ್ತಾಳೆ, ಕರೆಂಟ್ ಹೋಗಿ ಬಂದಾಗೆಲ್ಲ ಅಣ್ಣ ಬರ್ತಾನೆ ಅಂತ. ನನಗೆ ಕಾರ್ಡ್ ಬೇಕು, ನಿಜ. ಅದಕ್ಕಿಂತ ಅದು ನಿಲ್ಲಬೇಕು ಅಂಕಲ್. ನನಗೆ ರೊಂಬ ಭಯ."

ಕರೆಂಟ್ ಹೋಗಿ ಬಂದಾಗ ಎಂಬ ಮಾತು ಕೇಳಿದ್ದೇ ಮುರಿಗೆಪ್ಪ ಬರೆಯುತ್ತಿದ್ದ ಹಾಳೆಯನ್ನು ಮಗುಚಿಟ್ಟ. ದೆವ್ವದ ಭಯಕ್ಕಲ್ಲ. ಆ ದೆವ್ವವನ್ನು ಮಾಡಿ ಕಳಿಸಿದವನು ತಾನೇ. ಇಷ್ಟು ವರ್ಷ ಯಾರನ್ನೂ ಕೇಳದೆ ಆನ್ ಮಾಡಿ ಕಳಿಸಿದ ಯಂತ್ರಗಳು ಎಷ್ಟು ಮನೆಗಳಲ್ಲಿವೆಯೋ, ಅವುಗಳ ಮುಂದೆ ಕೂತಿದ್ದವರಲ್ಲಿ ಎಷ್ಟು ಮಂದಿ ಈಗ ಇಲ್ಲವೋ. ಅವನು ಆ ಸಂಜೆ ಬೇರೆ ಯಾರ ಹಾಳೆಯನ್ನೂ ಬರೆಯಲಿಲ್ಲ.

ಮಂಗಳವಾರ ತಿರುವೊಟ್ಟಿಯೂರಿನಲ್ಲಿ ತಿಂಗಳ ರಿಪೇರಿಗೆಂದು ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಕರೆಂಟ್ ತೆಗೆಯುತ್ತಾರೆ, ಆ ದಿನವೇ ಬನ್ನಿ ಎಂದು ಶಿಲ್ಪಶ್ರೀ ಹೇಳಿದ್ದಳು. ಮುರಿಗೆಪ್ಪ ಒಂದು ಗಂಟೆಗೆ ಹೋದ. ಮೊದಲ ಮಹಡಿಯ ಎರಡು ಕೋಣೆಯ ಮನೆ, ಕಿಟಕಿಯಿಂದ ಉಪ್ಪು ಗಾಳಿ, ದೊಡ್ಡ ರಸ್ತೆಯಲ್ಲಿ ಲಾರಿಗಳು ಹೋದಾಗ ಅಡುಗೆಮನೆಯ ಪಾತ್ರೆ ಸಣ್ಣಗೆ ನಡುಗುತ್ತಿದ್ದವು. ಶಿಲ್ಪಶ್ರೀಯ ತಾಯಿ ನೀಲಗಂಗಮ್ಮ ಬಾಗಲಕೋಟೆ ಕಡೆಯವಳು. ಗಂಡ ಬೇಗ ತೀರಿಕೊಂಡ ಮೇಲೆ ಚೆನ್ನೈಯ ಕನ್ನಡದವರ ಮನೆಗಳಿಗೆ ರೊಟ್ಟಿ ಬಡಿದು ಕೊಟ್ಟು ಮಕ್ಕಳನ್ನು ಬೆಳೆಸಿದವಳು. ತಲೆ ತುಂಬ ಸೆರಗು ಹೊದ್ದು, ನಗದೆ, ಆದರೆ ಮುಖ ಗಂಟು ಹಾಕಿಕೊಳ್ಳದೆ ಬರಮಾಡಿಕೊಂಡಳು.

"ಬರ್ರಿ ಅಣ್ಣಾರ. ನಮ್ಮ ರಂಜು ನಿಮ್ಮ ಹೆಸರು ಭಾಳ ಹೇಳತಿದ್ದ. ಮೊದಲ ಊಟ ಮಾಡ್ರಿ. ಕರೆಂಟ್ ಬರೂದ್ರಾಗ ಮುಗಸಬೇಕು."

ರೊಟ್ಟಿ ಮುರಿಯುತ್ತ ಮುರಿಗೆಪ್ಪ ಕೋಣೆಯ ಕಡೆ ನೋಡಿದ. ಮೇಜಿನ ಮೇಲೆ ತಾನು ಕಟ್ಟಿದ ಕಪ್ಪು ಪೆಟ್ಟಿಗೆ, ಅದರ ನೆತ್ತಿಗೆ ವಿಭೂತಿಯ ಮೂರು ಗೆರೆ. ಮಾನಿಟರಿನ ಮೂಲೆಗೆ ದಾರದಲ್ಲಿ ಒಂದು ಬೆಳ್ಳಿಯ ಕರಡಿಗೆ ತೂಗುಬಿದ್ದಿತ್ತು. ಕರಡಿಗೆ ಎಂದರೆ ಲಿಂಗವಂತರು ಕೊರಳಿಗೆ ಕಟ್ಟಿಕೊಳ್ಳುವ ಇಷ್ಟಲಿಂಗದ ಪುಟ್ಟ ಡಬ್ಬಿ. ಅದು ಮೈಮೇಲೆ ಇರಬೇಕಾದ್ದು, ಹೀಗೆ ಎಲ್ಲೋ ನೇತಾಡಬೇಕಾದ್ದಲ್ಲ.

ನೀಲಗಂಗಮ್ಮ ಅವನ ಕಣ್ಣು ಹೋದಲ್ಲಿಗೆ ನೋಡಿದಳು. "ಅವಂದ. ಆಡೂಮುಂದ ಕಿವಿಗೆ ಹಾಕ್ಕೊಳ್ಳೋ ವೈರು ದಾರಕ್ಕ ಸಿಗತೈತಿ ಅಂತ ತಗದು ಅಲ್ಲೇ ಹಾಕತಿದ್ದ. ಎಷ್ಟ ಬೈದೇನಿ. ಅವತ್ತ ಹಂಗ ಹೋದಾ, ಮತ್ತ ಹಾಕ್ಕೊಳ್ಳಲಿಲ್ಲ. ದವಾಖಾನ್ಯಾಗಿಂದ ತಂದಾಗ ಕೊರಳಾಗ ಇಲ್ಲ. ಯಾರಿಗೂ ಏನೂ ತಿಳೀಲಿಲ್ಲ. ಅಯ್ಯನೋರು ಹೊಸಾ ಲಿಂಗ ಕೊಟ್ರು, ಅದನ್ನ ಕೈಯಾಗಿಟ್ಟು ಮಣ್ಣ ಕೊಟ್ರು. ನಾಲ್ಕನೇ ದಿನ ಕಸ ಹೊಡಿಯಾಕ ಹೋದ್ರ ಇದು ಇಲ್ಲಿ."

ಮುರಿಗೆಪ್ಪನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಲಿಂಗವಂತರ ಮನೆಯಲ್ಲಿ ಸತ್ತರು ಎನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತಾರೆ. ಬದುಕಿದಷ್ಟು ದಿನ ಎದೆಯ ಮೇಲಿದ್ದ ಲಿಂಗವನ್ನೇ ಎಡಗೈಯಲ್ಲಿಟ್ಟು ಮಣ್ಣು ಕೊಟ್ಟರೆ ಹೋದವನು ಅದರೊಳಗೆ ಒಂದಾದ ಎಂದು ಲೆಕ್ಕ. ಪಿಂಡವಿಲ್ಲ, ತಿಥಿಯಿಲ್ಲ, ತಿರುಗಿ ಬರುವ ಮಾತೇ ಇಲ್ಲ.

"ನಮ್ಮೊಳಗ ಯಾರೂ ತಿರುಗಿ ಬರಂಗಿಲ್ಲ ಅಣ್ಣಾರ" ಎಂದಳು ಆಕೆ. "ಇವಾ ಬರ್ತಾನ. ತನ್ನ ಲಿಂಗ ಹುಡಿಕ್ಕೊಂಡು ಬರ್ತಾನ. ಅಂದ್ರ ನನ್ನ ಮಗಾ ಶಿವನ ಕಡೆ ಹೋಗಿ ಮುಟ್ಟಿಲ್ಲ. ಎಲ್ಲೋ ನಡುವ ನಿಂತಾನ. ಇದನ್ನ ತಗದು ಇಟ್ರ ಎಲ್ಲಿ ಹುಡುಕ್ಯಾನು? ಆ ಪೆಟ್ಟಗಿ ಬಿಚ್ಚಿ ಕೊಟ್ರ ಎಲ್ಲಿಗೆ ಬಂದಾನು? ನಾ ಹದಿನಾಲ್ಕು ತಿಂಗಳು ನಿದ್ದಿ ಮಾಡಿಲ್ಲರಿ. ಬಂದಾಗ ಹೆದರಿಕಿ, ಬರದಿದ್ರ ಸಂಕಟ."

ಬಾಗಿಲಲ್ಲಿ ನಿಂತಿದ್ದ ಶಿಲ್ಪಶ್ರೀ ಮುಖ ಆ ಕಡೆ ತಿರುಗಿಸಿದಳು.

ಎರಡಕ್ಕೆ ಹತ್ತು ನಿಮಿಷವಿದ್ದಾಗ ನೀಲಗಂಗಮ್ಮ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಕಂಪ್ಯೂಟರಿನ ಎದುರು ನೆಲದ ಮೇಲೆ ಕುಳಿತಳು. ಮುರಿಗೆಪ್ಪ ಕುರ್ಚಿಯಲ್ಲಿ ಕೂರಲು ಹೋಗಿ, ಯಾರ ಕುರ್ಚಿ ಎಂದು ಹೊಳೆದು, ನಿಂತೇ ಇದ್ದ.

ಕರೆಂಟ್ ಬಂತು. ಮೊದಲು ಫ್ಯಾನು ಕದಲಿತು, ಫ್ರಿಜ್ಜು ಗುಂಯ್ ಎಂದಿತು. ಒಂದು ಕ್ಷಣ ಬಿಟ್ಟು ಕಪ್ಪು ಪೆಟ್ಟಿಗೆಯೊಳಗೆ ನೀಲಿ ದೀಪ ಹೊತ್ತಿತು. ಮಾನಿಟರು ಬೆಳಗಿತು, ಆಟಗಾರರು ಮಾತಾಡಿಕೊಳ್ಳುವ ಆ್ಯಪು ತಾನಾಗಿ ತೆರೆಯಿತು, ಬಾಗಿಲಲ್ಲಿ ಹುಡುಗಿಯ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಎಲ್ಲ ಗೊತ್ತಿದ್ದೂ ಮುರಿಗೆಪ್ಪನ ಮೈಮೇಲೆ ಮುಳ್ಳು ಎದ್ದವು.

"ಬಂದಿ ಏನೋ ಅಪ್ಪಾ" ಎಂದಳು ತಾಯಿ, ಪರದೆಯ ಕಡೆ ನೋಡುತ್ತ.

ಇನ್ನು ತಡೆಯಲಾಗಲಿಲ್ಲ ಅವನಿಗೆ. "ಅಕ್ಕಾರ, ತಪ್ಪು ನಂದೈತಿ" ಎಂದು ಅವಳ ಎದುರು ನೆಲಕ್ಕೆ ಕುಳಿತುಬಿಟ್ಟ. ನೆಟ್ ಸೆಂಟರಿನ ಕತೆಯಿಂದ ಹಿಡಿದು ಎಲ್ಲ ಹೇಳಿದ. ಇದು ಯಂತ್ರದ ಗುಣ, ತಾನು ಕೇಳದೆ ಹಾಕಿದ ಸೆಟ್ಟಿಂಗು, ಇದರಲ್ಲಿ ನಿಮ್ಮ ಮಗನ ಸುಳಿವೂ ಇಲ್ಲ, ಈಗಲೇ ತೋರಿಸಿ ತೆಗೆಯುತ್ತೇನೆ ಎಂದ. ನೀಲಗಂಗಮ್ಮ ರೆಪ್ಪೆ ಬಡಿಯದೆ ಕೇಳುತ್ತಿದ್ದಳು.

ಯಂತ್ರವನ್ನು ಮುಚ್ಚಿ ಮತ್ತೆ ತೆರೆದು, ಕೀಲಿ ಒತ್ತಿ, ಒಳಗಿನ ನೀಲಿ ಪುಟಕ್ಕೆ ಹೋದ. ಈ ದಾರಿ ಅವನ ಬೆರಳಿಗೆ ಬಾಯಿಪಾಠ. ಎರಡು ಪುಟ ಬಲಕ್ಕೆ, ಆರು ಸಾಲು ಕೆಳಗೆ. ಕರೆಂಟ್ ಬಂದ ಮೇಲೆ ಏನು ಮಾಡಬೇಕು ಎಂಬ ಸಾಲು. ಅದರ ಎದುರು ಆಫ್ ಎಂದಿತ್ತು.

ಮುರಿಗೆಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಆಫ್. ಒಳಗಿನ ಬ್ಯಾಟರಿ ಸತ್ತು ಎಲ್ಲ ಅಳಿಸಿಹೋಗಿದೆಯೇನೋ ಎಂದುಕೊಂಡ. ಮೂಲೆಯಲ್ಲಿ ಗಡಿಯಾರ ಇವತ್ತಿನ ತಾರೀಖು, ಈಗಿನ ಹೊತ್ತು ಸರಿಯಾಗಿ ತೋರಿಸುತ್ತಿತ್ತು. ಗುಂಡಿ ಸಿಕ್ಕಿಕೊಂಡಿದೆಯೇ ಎಂದು ಬೆರಳಿನಿಂದ ಸವರಿ ನೋಡಿದ. ಸರಿಯಾಗಿತ್ತು. ಆಗ ನೆನಪಾಯಿತು. ಯಂತ್ರ ಕೊಟ್ಟ ಎರಡನೇ ದಿನ ಹುಡುಗ ಫೋನ್ ಮಾಡಿದ್ದ. ಅಂಕಲ್, ಕರೆಂಟ್ ಬಂದ್ರ ಇದು ತಾನಾಗಿ ಏಳತೈತಿ, ಅವ್ವ ಒಬ್ಬಳೇ ಇದ್ದಾಗ ನೋಡಿದ್ರ ಹೆದರ್ತಾಳ, ಹೆಂಗ ತೆಗೀಬೇಕು ಹೇಳ್ರಿ. ಎರಡು ಪುಟ ಬಲಕ್ಕ, ಆರು ಸಾಲು ಕೆಳಗ ಎಂದು ತಾನೇ ಹೇಳಿಕೊಟ್ಟಿದ್ದ. ಫೋನಿಟ್ಟು, ಮುಂದಿನ ಗಿರಾಕಿ ಬಂದ, ಮರೆತುಹೋಗಿತ್ತು. ಅವ್ವ ಹೆದರಬಾರದೆಂದು ಮಗ ತನ್ನ ಕೈಯಾರೆ ಆಫ್ ಮಾಡಿದ್ದ. ನಾಲ್ಕು ವರ್ಷದಿಂದ ಅದು ಆಫ್ ಆಗಿಯೇ ಇತ್ತು.

"ಹಂಗಾರ ಅವಾ ಬಂದಿಲ್ಲ?" ಹಿಂದಿನಿಂದ ನೀಲಗಂಗಮ್ಮನ ಧ್ವನಿ.

ಮುರಿಗೆಪ್ಪ ತಿರುಗಲಿಲ್ಲ.

"ಅಣ್ಣಾರ, ಅವಾ ಇದ್ದಾಗ ಇದು ಹಿಂಗ ಏಳತಿದ್ದಿಲ್ಲ."

"ಅವಾ ಇದ್ದಾಗ ಪ್ಲಗ್ ತೆಗೀತಿದ್ದ, ಅಕ್ಕಾರ. ಶಾಣ್ಯಾ ಹುಡುಗ." ನಾಲಿಗೆ ತಾನಾಗಿ ಹೇಳಿತು. "ನಾನ ಇಟ್ಟಿದ್ದು. ಇಲ್ಲೇ ಐತಿ ನೋಡ್ರಿ, ಆನ್ ಐತಿ. ಈಗ ತೆಗದೆ."

"ಒಮ್ಮಿನೂ ಬಂದಿಲ್ಲ?"

"ಒಮ್ಮಿನೂ ಬಂದಿಲ್ಲ."

ಇಂಗ್ಲಿಷ್ ಓದಲು ಬಾರದ ಆ ತಾಯಿ ಪರದೆ ನೋಡಿದಳು, ಅವನ ಬೆನ್ನು ನೋಡಿದಳು. ಪರದೆಯ ಮೇಲೆ ಏನೂ ಬದಲಾಗಲಿಲ್ಲ, ಬದಲಾಯಿಸಲು ಏನೂ ಇರಲಿಲ್ಲ. ಹಾಗೆಯೇ ಯಂತ್ರ ಮುಚ್ಚಿದ.

"ಮೇನ್ ತೆಗದು ಹಾಕಿ ನೋಡೂಣು" ಎಂದಳು ನೀಲಗಂಗಮ್ಮ.

ಇದು ಮುರಿಗೆಪ್ಪನ ಲೆಕ್ಕದಲ್ಲಿ ಇರಲಿಲ್ಲ. ಶಿಲ್ಪಶ್ರೀ ಹೋಗಿ ಬಾಗಿಲ ಹಿಂದಿನ ಮೇನ್ ಸ್ವಿಚ್ಚು ಇಳಿಸಿದಳು. ಫ್ಯಾನು ನಿಂತು ಮನೆಯೆಲ್ಲ ಸದ್ದಡಗಿತು. ತಾಯಿ ಮೆಲ್ಲಗೆ ಎದ್ದು ಮಾನಿಟರಿನ ಮೂಲೆಯಿಂದ ಕರಡಿಗೆಯನ್ನು ಬಿಚ್ಚಿ ತೆಗೆದಳು. "ಅವಾ ಮುಟ್ಟಿದ್ದ ಖರೆ ಆದ್ರ ಇದು ಇಲ್ಲಿ ನೇತಾಡೂದು ಬ್ಯಾಡ" ಎಂದು ಎಡಗೈಯಲ್ಲಿ ಹಿಡಿದು, ಮೇಲೆ ಬಲಗೈ ಮುಚ್ಚಿ, ಕಣ್ಣುಮುಚ್ಚಿ ನಿಂತಳು. ಎಷ್ಟು ಹೊತ್ತು ನಿಂತಳೋ. ಆಮೇಲೆ ಮಗಳಿಗೆ ಹೂಂ ಎಂದಳು.

ಸ್ವಿಚ್ಚು ಮೇಲೆ ಹೋಯಿತು. ಫ್ಯಾನು ತಿರುಗಿತು, ಫ್ರಿಜ್ಜು ಗುಂಯ್ ಎಂದಿತು. ಮುರಿಗೆಪ್ಪ ಅಂಗಿಯ ಮೇಲಿಂದಲೇ ತನ್ನ ಲಿಂಗವನ್ನು ಹಿಡಿದುಕೊಂಡಿದ್ದ. ಏಳಬ್ಯಾಡಪ್ಪಾ, ನಿಮ್ಮವ್ವನ ಸಲುವಾಗಿ ಏಳಬ್ಯಾಡ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಒಂದು ನಿಮಿಷವಾಯಿತು. ಎರಡಾಯಿತು. ಕಪ್ಪು ಪೆಟ್ಟಿಗೆ ಕಪ್ಪಾಗಿಯೇ ಇತ್ತು. ಹುಡುಗಿಯ ಫೋನು ಸದ್ದು ಮಾಡಲಿಲ್ಲ.

"ಮುಟ್ಟ್ಯಾನ" ಎಂದಳು ನೀಲಗಂಗಮ್ಮ. "ನನ್ನ ಮಗಾ ಮುಟ್ಟ್ಯಾನ." ಆಮೇಲೆ ಗೋಡೆಗೆ ಒರಗಿ ಕುಸಿದು, ಹದಿನಾಲ್ಕು ತಿಂಗಳು ಅಳದೆ ಉಳಿದದ್ದನ್ನೆಲ್ಲ ಒಮ್ಮೆಗೇ ಅತ್ತಳು. ಶಿಲ್ಪಶ್ರೀ ಅವಳನ್ನು ತಬ್ಬಿಕೊಂಡು ಕುಳಿತಳು. ಅಳು ನಿಂತ ಮೇಲೆ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಲಿಂಗವನ್ನು ನಾಳೆ ಅಯ್ಯನವರನ್ನು ಕರೆಸಿ ಸಮುದ್ರಕ್ಕೆ ಬಿಡುತ್ತೇನೆ ಎಂದಳು. ಮುರಿಗೆಪ್ಪನಿಗೆ, "ಆ ಕಾರ್ಡು ಅದೇನೈತಿ, ತೊಗೊಂಡು ಹೋಗ್ರಿ. ತಂಗಿ ಆಡ್ಲಿ. ಅಂವಗೂ ಅದ ಬೇಕಿತ್ತು" ಎಂದಳು.

ಕಾರ್ಡನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮುರಿಗೆಪ್ಪ ಬಸ್ಸಿನಲ್ಲಿ ಬಂದ. ಕಾರ್ಡು ಆ ದಿನ ಓಡಿದ್ದು ಹತ್ತು ನಿಮಿಷ ಮಾತ್ರ, ಆದರೂ ಸೆಂಟ್ರಲ್ ಸ್ಟೇಶನ್ ಬರುವವರೆಗೂ ಬೆಚ್ಚಗೇ ಇತ್ತು. ಬಿಸಿಲಿಗೆ ಇರಬೇಕು ಎಂದುಕೊಂಡ. ಹಾಗೆಂದುಕೊಂಡರೂ ಪೇಪರಿನ ಮೇಲಿಂದ ಕೈ ತೆಗೆಯಲಿಲ್ಲ.

ಯಂತ್ರ ಶನಿವಾರಕ್ಕೆ ತಯಾರಾಯಿತು. ಒಳ್ಳೆಯ ಎಸ್‌ಎಂಪಿಎಸ್, ಗಾಳಿ ಆಡುವ ಪೆಟ್ಟಿಗೆ, ಅಣ್ಣನ ಕಾರ್ಡು. ಕೊನೆಯಲ್ಲಿ ರೂಢಿಯಂತೆ ಬೆರಳು ಎರಡು ಪುಟ ಬಲಕ್ಕೆ ಹೋಯಿತು, ಆರು ಸಾಲು ಕೆಳಗೆ ಇಳಿಯಿತು. ಆ ಸಾಲಿನ ಮೇಲೆ ಬಂದು ನಿಂತಿತು. ಏನೂ ಮುಟ್ಟದೆ ಹೊರಬಂದ. ಅಂದಿನಿಂದ ಅವನು ಯಾವ ಯಂತ್ರದಲ್ಲೂ ಆ ಪುಟಕ್ಕೆ ಹೋಗಿಲ್ಲ. ಅಂಗಡಿಯಲ್ಲಿ ಕರೆಂಟ್ ಹೋದರೆ, ಬರುವ ಮೊದಲೇ ಎಲ್ಲ ಪ್ಲಗ್ಗು ಕಿತ್ತಿಡುತ್ತಾನೆ. ಎದುರಂಗಡಿಯವರು ಅಣ್ಣನಿಗೆ ವಯಸ್ಸಾಯಿತು ಎಂದು ನಗುತ್ತಾರೆ.

ಆ ಶನಿವಾರ ಸಂಜೆ ಶಿಲ್ಪಶ್ರೀ ಬಂದಳು. ನಲವತ್ತು ಸಾವಿರ ಎಣಿಸಿ ಕೊಟ್ಟು, ಚಿಲ್ಲರೆ ತೆಗೆದುಕೊಂಡು, ಪೆಟ್ಟಿಗೆಯನ್ನು ಎತ್ತಲಿಲ್ಲ. ಸ್ಟೂಲಿನ ಮೇಲೆ ಕುಳಿತಳು, ಅಣ್ಣ ಕುಳಿತಿದ್ದ ಹಾಗೆಯೇ.

"ಅಂಕಲ್, ಅವತ್ತು ನೀವು ಆ ಪುಟ ನೋಡ್ತಿದ್ದಾಗ ನಾನು ನಿಮ್ಮ ಹಿಂದೇನೇ ಬಂದು ನಿಂತಿದ್ದೆ. ನನಗೆ ಇಂಗ್ಲಿಷ್ ಓದೋಕೆ ಬರತ್ತೆ." ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಅದು ಮೊದಲೇ ಆಫ್ ಇತ್ತು, ಇಲ್ಲೆಯಾ?"

ಮುರಿಗೆಪ್ಪ ಸ್ಕ್ರೂಡ್ರೈವರನ್ನು ಡಬ್ಬಿಯೊಳಗಿಟ್ಟ. ಮತ್ತೆ ತೆಗೆದ. ಮತ್ತೆ ಇಟ್ಟ.

"ನಿಮ್ಮವ್ವ ನಿದ್ದಿ ಮಾಡ್ತಾಳೇನವ್ವಾ?"

"ಮಾಡ್ತಾಳೆ. ನಾಲ್ಕು ದಿನದಿಂದ ರಾತ್ರಿಯೆಲ್ಲ ಮಲಗ್ತಾಳೆ. ಗೊರಕೆ ಹೊಡೀತಾಳೆ."

"ಹಂಗಾರ ಅದನ್ನ ನಾನ ಇಟ್ಟಿದ್ದು" ಎಂದ ಮುರಿಗೆಪ್ಪ.